ಆಡಳಿತ ಮಂಡಳಿಯ ಕೊಠಡಿಯಲ್ಲಿ ಯಾರಿದ್ದಾರೆ?

2024ರ ಜುಲೈ ತಿಂಗಳ ಒಂದೇ ವಾರದಲ್ಲಿ ಬೆಂಗಳೂರು ಎರಡು ಪ್ರಸಂಗಗಳಿಗೆ ಸಾಕ್ಷಿಯಾಯಿತು. ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಮಾಗಡಿ ರಸ್ತೆಯ ಮಾಲೊಂದರ ಕಾವಲುಗಾರರು ಒಳಗೆ ಬಿಡಲಿಲ್ಲ. ಮಗನೊಡನೆ ಸಿನಿಮಾ ನೋಡಲು ಬಂದವರು ಅವರು. ವಿಷಯ ಸದನದಲ್ಲಿ ಪ್ರತಿಧ್ವನಿಸಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಅದೇ ವಾರ, ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50 ಮತ್ತು ಇತರ ಹುದ್ದೆಗಳಲ್ಲಿ ಶೇ. 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಉದ್ಯಮ ವಲಯದ ಆಕ್ಷೇಪ ಎಷ್ಟು ಪ್ರಬಲವಾಗಿತ್ತೆಂದರೆ ಎರಡೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಬೇಕಾಯಿತು.

ಮಸೂದೆಯ ಗುಣದೋಷಗಳೇನೇ ಇರಲಿ, ಅದನ್ನು ವಿರೋಧಿಸಿದವರೆಲ್ಲರ ಬಾಯಲ್ಲಿ ಬಂದ ಪದ ಒಂದೇ: ಪ್ರತಿಭೆ. ಪ್ರತಿಭೆಗೆ ಜಾತಿಯಿಲ್ಲ, ಊರಿಲ್ಲ, ಅದನ್ನು ಮಾತ್ರ ನೋಡಿ ಕೆಲಸ ಕೊಡಲಾಗುತ್ತದೆ ಎಂಬುದು ಭಾರತದ ಉದ್ಯಮ ಲೋಕ ತನ್ನ ಬಗ್ಗೆ ಇಟ್ಟುಕೊಂಡಿರುವ ದೃಢ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ವಿರಳ. ಒಡ್ಡಿದವರಿಗೆ ಸಿಕ್ಕ ಉತ್ತರ ಮಾತ್ರ ಬೇರೆಯೇ ಆಗಿದೆ.

ಡಿ. ಅಜಿತ್, ಹಾನ್ ಡಾಂಕರ್ ಮತ್ತು ರವಿ ಸಕ್ಸೇನಾ ಎಂಬ ಸಂಶೋಧಕರು 2012ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟಿಸಿದ ಅಧ್ಯಯನ ಅಂಥದ್ದೊಂದು. ದೇಶದ ಅಗ್ರ 1,000 ಕಂಪನಿಗಳ ಆಡಳಿತ ಮಂಡಳಿಗಳಲ್ಲಿ 2010ರಲ್ಲಿದ್ದ 9,052 ನಿರ್ದೇಶಕರ ಜಾತಿ ಹಿನ್ನೆಲೆಯನ್ನು ಅವರು ಪರಿಶೀಲಿಸಿದರು. ಸುಮಾರು ಶೇ. 93 ಮಂದಿ ಮುಂದುವರಿದ ಜಾತಿಗಳವರು. ವೈಶ್ಯರ ಪಾಲು ಶೇ. 46, ಬ್ರಾಹ್ಮಣರದು ಶೇ. 44.6. ಇತರ ಹಿಂದುಳಿದ ವರ್ಗಗಳಿಗೆ ದಕ್ಕಿದ್ದು ಶೇ. 3.8, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 3.5. ಅಡ್ಡಹೆಸರಿನಿಂದ ಜಾತಿಯನ್ನು ಗುರುತಿಸುವ ವಿಧಾನವನ್ನು ಇಲ್ಲಿ ಬಳಸಲಾಗಿದೆ. ತಂದೆಯ ಹೆಸರೋ ಊರಿನ ಹೆಸರೋ ಇನಿಷಿಯಲ್ ಆಗುವ ಕರ್ನಾಟಕದಂಥ ಕಡೆ ಈ ವಿಧಾನ ಎಡವಬಹುದು ಎಂಬ ಆಕ್ಷೇಪ ನ್ಯಾಯವೇ. ಆದರೆ ಅಂತರ ಇಷ್ಟು ದೊಡ್ಡದಿರುವಾಗ ಎಡವಿದ ಹತ್ತಿಪ್ಪತ್ತು ಹೆಸರುಗಳಿಂದ ಚಿತ್ರ ಬದಲಾಗದು.

ಅವಕಾಶವೇ ಇಲ್ಲದಿದ್ದವರು ಒಂದೆರಡು ತಲೆಮಾರಿನಲ್ಲಿ ಅಲ್ಲಿಗೇರುವುದು ಹೇಗೆ ಎಂಬ ಸಮರ್ಥನೆಯೂ ಉಂಟು. ಅದರಲ್ಲಿ ಸತ್ಯಾಂಶವಿದೆ. ಬಂಡವಾಳ, ಸಾಲ, ಹುಂಡಿ, ಸಗಟು ವ್ಯಾಪಾರ ಇವೆಲ್ಲ ಶತಮಾನಗಳ ಕಾಲ ಕೆಲವೇ ಸಮುದಾಯಗಳ ಒಳಗೆ, ನಂಬಿಕೆ ಮತ್ತು ನೆಂಟಸ್ತನದ ಮೇಲೆ ನಡೆದುಬಂದವು. ಓದು ಇನ್ನೊಂದು ಸಮುದಾಯದ ಸೊತ್ತಾಗಿತ್ತು. ಆದರೆ ಏಣಿಯ ಮೇಲ್ತುದಿಯನ್ನು ಬಿಟ್ಟು ಕೆಳಗಿನ ಮೆಟ್ಟಿಲನ್ನು ನೋಡಿದರೂ ಪ್ರತಿಭೆಯ ಮಾತು ನಿಲ್ಲುವುದಿಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿದರು. ಓದು ಮತ್ತು ಅನುಭವ ಸರಿಸಮಾನ, ವ್ಯತ್ಯಾಸವಿದ್ದುದು ಹೆಸರಿನಲ್ಲಿ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ ಇತ್ತು. ಅರ್ಜಿದಾರನ ಮುಖವನ್ನು ಯಾರೂ ನೋಡಿರಲಿಲ್ಲ.

ಅದೇ ಕಾಲಕ್ಕೆ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು 25 ದೊಡ್ಡ ಕಂಪನಿಗಳ ಮಾನವ ಸಂಪನ್ಮೂಲ ಅಧಿಕಾರಿಗಳನ್ನು ಮಾತನಾಡಿಸಿದ್ದರು. ತಾವು ಜಾತಿ ನೋಡುವುದಿಲ್ಲ ಎಂಬುದು ಆ ಅಧಿಕಾರಿಗಳ ನಿಲುವು. ಅದು ಪ್ರಾಮಾಣಿಕವೂ ಇರಬಹುದು. ಆದರೆ ಅಭ್ಯರ್ಥಿಯ 'ಕುಟುಂಬದ ಹಿನ್ನೆಲೆ' ಕೇಳುವುದನ್ನು ಮಾತ್ರ ಅವರು ಅಗತ್ಯವೆಂದು ಭಾವಿಸಿದ್ದರು. ತಂದೆ ಏನು ಮಾಡುತ್ತಾರೆ, ಯಾವ ಊರು, ಅಕ್ಕತಂಗಿಯರು ಓದಿದ್ದಾರೆಯೇ? ನಮ್ಮಲ್ಲಿ ಮದುವೆ ಮಾತುಕತೆಗೆ ಕುಳಿತ ಹಿರಿಯರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಜಾತಿಯ ಹೆಸರೆತ್ತದೆಯೇ ಜಾತಿಯನ್ನು ತಿಳಿಯುವ ಕಲೆಯನ್ನು ಈ ದೇಶದಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ.

ಹಳೆಯ ವರ್ತಕ ಮನೆತನಗಳಿಗಿಂತ ಭಿನ್ನವಾದ ಲೋಕವೆಂದು ಹೇಳಿಕೊಂಡದ್ದು ಮಾಹಿತಿ ತಂತ್ರಜ್ಞಾನ. ಆದರೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ಈ ಉದ್ಯಮವನ್ನು ಅಭ್ಯಸಿಸಿದ ಕ್ಯಾರಲ್ ಉಪಾಧ್ಯ ಅವರು ಕಂಡಂತೆ, ಅಲ್ಲಿನ ಉದ್ಯೋಗಿಗಳಲ್ಲಿ ನಗರದ, ಮಧ್ಯಮ ವರ್ಗದ, ಮೇಲ್ಜಾತಿಗಳ ಮಕ್ಕಳೇ ಪ್ರಧಾನ. ಇಂಗ್ಲಿಷ್ ಮಾತಿನ ಧಾಟಿಯೂ ಅಲ್ಲಿ ಅರ್ಹತೆಯ ಲೆಕ್ಕಕ್ಕೆ ಸೇರುತ್ತದೆ. ಈ ಲೋಕ ಕಡಲು ದಾಟಿದರೂ ಪ್ರಶ್ನೆ ಬೆನ್ನು ಬಿಡಲಿಲ್ಲ. ದಲಿತ ಎಂಜಿನಿಯರ್ ಒಬ್ಬರಿಗೆ ತಾರತಮ್ಯವಾಗಿದೆಯೆಂದು 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆ ಸಿಸ್ಕೊ ಕಂಪನಿ ಮತ್ತು ಇಬ್ಬರು ಭಾರತೀಯ ಮೂಲದ ಮೇಲಧಿಕಾರಿಗಳ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಆರೋಪವನ್ನು ನಿರಾಕರಿಸಿತು. 2023ರಲ್ಲಿ ಆ ಇಬ್ಬರ ಮೇಲಿನ ದಾವೆಯನ್ನು ಇಲಾಖೆಯೇ ಹಿಂಪಡೆಯಿತು. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದರೆ, ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ.

ಇತ್ತ ದೆಹಲಿಯಲ್ಲಿ ಈ ಚರ್ಚೆ ಎರಡು ದಶಕ ಹಳೆಯದು. 2004ರ ಯುಪಿಎ ಸರ್ಕಾರದ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ ಖಾಸಗಿ ವಲಯದ ಮೀಸಲಾತಿಯ ಪ್ರಸ್ತಾಪವಿತ್ತು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು ಭಾರತೀಯ ಕೈಗಾರಿಕಾ ಒಕ್ಕೂಟದ ವೇದಿಕೆಯಲ್ಲೇ ಉದ್ಯಮಿಗಳಿಗೆ ಕಿವಿಮಾತು ಹೇಳಿದರು. ಜೆ.ಜೆ. ಇರಾನಿ ನೇತೃತ್ವದಲ್ಲಿ ಕಾರ್ಯಪಡೆ ರಚನೆಯಾಯಿತು, ಸ್ವಯಂಪ್ರೇರಿತ ನೀತಿಸಂಹಿತೆ ಬಂತು, ಶಾಸನಬದ್ಧ ಮೀಸಲಾತಿ ಬೇಡವೆಂಬ ಉದ್ಯಮದ ವಾದ ಗೆದ್ದಿತು. ತರಬೇತಿ, ವಿದ್ಯಾರ್ಥಿವೇತನಗಳು ಹೆಚ್ಚಿದವು, ಅದನ್ನು ಅಲ್ಲಗಳೆಯಲಾಗದು. ಆದರೆ ಇವೆಲ್ಲ ಕೆಳಗಿನ ಮೆಟ್ಟಿಲಿನ ಕೆಲಸಗಳು. ನಿರ್ದೇಶಕರ ನೇಮಕ ಹಿಂದಿನಂತೆ ಪರಿಚಯದ ವಲಯದಲ್ಲೇ ನಡೆಯಿತು.

ಕಾನೂನಿನ ಒತ್ತಡ ಬಿದ್ದಾಗ ಈ ವಲಯ ಹೇಗೆ ವರ್ತಿಸುತ್ತದೆ ಎಂಬುದಕ್ಕೂ ನಿದರ್ಶನವಿದೆ. 2013ರ ಕಂಪನಿ ಕಾಯ್ದೆ ನಿಗದಿತ ಕಂಪನಿಗಳಿಗೆ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಿತು. ಗಡುವು ಸಮೀಪಿಸಿದಂತೆ ಅನೇಕ ಪ್ರವರ್ತಕ ಕುಟುಂಬಗಳು ತಮ್ಮ ಪತ್ನಿ, ಪುತ್ರಿಯರನ್ನೇ ಕುರ್ಚಿಯಲ್ಲಿ ಕೂರಿಸಿದವು. ಕಾಯ್ದೆಯ ಪಾಲನೆಯೂ ಆಯಿತು, ಕೊಠಡಿಯೊಳಗೆ ಹೊರಗಿನವರು ಬರಲೂ ಇಲ್ಲ! ಅದಾಗಿಯೂ ಈ ನಿಯಮ ಒಂದು ಕೆಲಸ ಮಾಡಿತು: ಮಹಿಳಾ ನಿರ್ದೇಶಕರೆಷ್ಟು ಎಂಬುದನ್ನು ಎಣಿಸುವುದು ಅನಿವಾರ್ಯವಾಯಿತು.

ಜಾತಿಯ ವಿಷಯದಲ್ಲಿ ಆ ಎಣಿಕೆಯೇ ಇಲ್ಲ. ಅಗ್ರ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಸಾಮಾಜಿಕ ಹೊಣೆಗಾರಿಕೆಯ ವಿಸ್ತೃತ ವರದಿ ಸಲ್ಲಿಸುವುದನ್ನು ಸೆಬಿ ಕಡ್ಡಾಯಗೊಳಿಸಿದೆ. ಅದರ ನಮೂನೆಯಲ್ಲಿ ಮಹಿಳೆಯರ ಸಂಖ್ಯೆಗೆ ಅಂಕಣವಿದೆ, ಅಂಗವಿಕಲ ಉದ್ಯೋಗಿಗಳ ಸಂಖ್ಯೆಗೂ ಇದೆ. ಪರಿಶಿಷ್ಟರ ಅಥವಾ ಹಿಂದುಳಿದ ವರ್ಗಗಳ ಉದ್ಯೋಗಿಗಳೆಷ್ಟು, ನಿರ್ದೇಶಕರೆಷ್ಟು ಎಂದು ಕೇಳುವ ಅಂಕಣವಿಲ್ಲ. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ 2025ರ ಏಪ್ರಿಲ್‌ನಲ್ಲಿ ಘೋಷಿಸಿದೆ. ಅದು ಮನೆಮನೆಯ ಲೆಕ್ಕ ತೆಗೆದೀತೇ ಹೊರತು ಕಂಪನಿಗಳದ್ದಲ್ಲ. ಸೆಬಿಯ ನಮೂನೆಗೆ ಇನ್ನೊಂದು ಅಂಕಣ ಸೇರಿಸಲು ಸಂಸತ್ತಿನ ಹೊಸ ಶಾಸನದ ಅಗತ್ಯವೂ ಇಲ್ಲ. ಸೆಬಿಯದೇ ಒಂದು ಸುತ್ತೋಲೆ ಸಾಕು.