ಪರದೆಯ ನೀಲಿ, ಕಾಗದದ ನೀಲಿ

ಮದುವೆಯ ಮನೆಯಲ್ಲಿ ಮೊದಲ ಮನಸ್ತಾಪ ಬಂಗಾರದ್ದು, ಎರಡನೆಯದು ಊಟದ್ದು ಎಂದು ತಿಳಿದಿದ್ದವನು ನಾನು. ಮನ್ನಳ್ಳಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳ ಮದುವೆ ಗೊತ್ತಾದಾಗ ಈ ಕ್ರಮ ತಪ್ಪಿತು. ಮೊದಲ ಮನಸ್ತಾಪ ಬಣ್ಣದ್ದಾಯಿತು.

ಲಗ್ನಪತ್ರಿಕೆಯ ಅಂಚಿಗೆ ಬೀದರ ಕೋಟೆಯ ರಂಗೀನ್ ಮಹಲಿನ ಬಣ್ಣದ ಬಿಲ್ಲೆಗಳ ಚಿತ್ರ ಬರಬೇಕೆಂಬುದು ಮದುಮಗಳ ಆಸೆ. ಹೆಸರೇ ಬಣ್ಣದ ಅರಮನೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಶಹನ ಕಾಲದಲ್ಲಿ ಅದಕ್ಕೆ ಶೃಂಗಾರವಾಯಿತು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯನ್ನು ಅಲ್ಲಿ ಇಂದಿಗೂ ನೋಡಬಹುದು. ಅವಳ ತಮ್ಮ ಹೋಗಿ ಫೋಟೋ ತೆಗೆದು ತಂದ. ಕಂಪ್ಯೂಟರಿನ ಮುಂದೆ ಎರಡು ರಾತ್ರಿ ಕುಳಿತು ಫೋಟೋಶಾಪಿನಲ್ಲಿ ಅದನ್ನು ತಿದ್ದಿದ. ನೀಲಿಯನ್ನು ಏರಿಸಿದ, ಹಸುರನ್ನು ಏರಿಸಿದ. ಪರದೆಯ ಮೇಲೆ ಆ ಬಿಲ್ಲೆಗಳು ನವಿಲಿನ ಕೊರಳಿನಂತೆ ಮಿನುಗಿದುವು. ಅತ್ತಿಗೆ ಕಣ್ತುಂಬ ನೋಡಿ ಒಪ್ಪಿದರು. ಅದೇ ಚಿತ್ರ ಫೋನಿನ ಮೂಲಕ ಬೀಗರ ಮನೆಗೂ ಹೋಯಿತು.

ಐನೂರು ಪ್ರತಿ ಅಚ್ಚಾಗಿ ಬಂದ ದಿನ ಕಟ್ಟು ಬಿಚ್ಚಿದರೆ, ನೀಲಿಯಲ್ಲಿ ನೇರಳೆಯ ಛಾಯೆ. ಹಸುರು ಒಗೆದು ಒಗೆದು ಮಾಸಿದ ಸೀರೆಯಂತೆ. ಅತ್ತಿಗೆ ಮಗನ ಮುಖ ನೋಡಿ, “ರೊಕ್ಕ ಉಳಸ್ಲಾಕ ಹೋಗಿ ಹಳೀ ಮಸಿ ಹಾಕ್ಸಿದೇನೋ?” ಎಂದರು. ಅವರಿಗಿದ್ದ ಅಂಜಿಕೆ ಬೇರೆ. ತೋರಿಸಿದ್ದು ಒಂದು, ಕೊಟ್ಟದ್ದು ಒಂದು ಎಂಬ ಮಾತು ಬೀಗರ ಬಾಯಿಂದ ಒಮ್ಮೆ ಹೊರಬಿತ್ತೆಂದರೆ, ಅದು ಲಗ್ನಪತ್ರಿಕೆಗೇ ನಿಲ್ಲುವ ಮಾತಲ್ಲ.

ಹುಡುಗನು ಸಿಟ್ಟಿನಿಂದಲೂ ನಾನು ಸಂಕೋಚದಿಂದಲೂ ಮುದ್ರಣಾಲಯಕ್ಕೆ ಹೋದೆವು. ಅಲ್ಲಿನ ಹಿರಿಯರು ವಾದಿಸಲಿಲ್ಲ. ಒಂದು ಭೂತಗನ್ನಡಿಯನ್ನು ನನ್ನ ಕೈಗಿತ್ತು, “ನೋಡ್ರಿ” ಎಂದರು. ನೋಡಿದೆ. ನೀಲಿಯೆಂದು ನಾನು ಕಂಡದ್ದು ನೀಲಿಯೇ ಅಲ್ಲ. ತಿಳಿನೀಲಿಯ ಸಯಾನ್ ಚುಕ್ಕೆಗಳು, ಅವುಗಳ ನಡುವೆ ಕಡುಗುಲಾಬಿಯ ಮೆಜೆಂಟಾ ಚುಕ್ಕೆಗಳು, ಎಲ್ಲೋ ಒಂದು ಹಳದಿ, ಒಂದು ಕಪ್ಪು. ಈ ನಾಲ್ಕು ಮಸಿಗಳಿಂದಲೇ ಛಾಪಖಾನೆಯ ಬಣ್ಣಪ್ರಪಂಚವೆಲ್ಲ ಹುಟ್ಟಬೇಕು. ಹಿಂದಿನ ವಾರಪತ್ರಿಕೆಗಳ ಮುಖಪುಟದಲ್ಲಿ ನಟಿಯ ತುಟಿಯ ಕೆಂಪು ಕೆಲವೊಮ್ಮೆ ಕೆನ್ನೆಗೆ ಜರುಗಿರುತ್ತಿದ್ದುದನ್ನು ಬಲ್ಲ ಹಿರಿಯ ಓದುಗರಿಗೆ ಈ ಮರ್ಮ ಹೊಸದಲ್ಲ. ಒಂದು ಮಸಿಯ ಅಚ್ಚು ಕೂದಲೆಳೆಯಷ್ಟು ಸರಿದರೆ ಸಾಕು.

ಪರದೆಯ ಸಂಸಾರವೇ ಬೇರೆ. ಅಲ್ಲಿರುವುದು ಮಸಿಯಲ್ಲ, ಬೆಳಕು. ಕೆಂಪು, ಹಸುರು, ನೀಲಿ ಎಂಬ ಮೂರು ದೀಪಗಳು. ಮೂರೂ ಆರಿದರೆ ಕಪ್ಪು, ಮೂರೂ ಪೂರ್ಣ ಉರಿದರೆ ಬಿಳುಪು. ಇದನ್ನೇ ಆರ್‌ಜಿಬಿ ಮೋಡ್ ಎನ್ನುತ್ತಾರೆ. ಕಾಗದವಾದರೋ ಮೊದಲೇ ಬಿಳಿದು. ಅದರ ಮೇಲೆ ಬಿದ್ದ ಪ್ರತಿಯೊಂದು ಮಸಿಯೂ ಬೆಳಕಿನ ಒಂದು ಪಾಲನ್ನು ನುಂಗುತ್ತದೆ. ಸಯಾನ್ ಕೆಂಪನ್ನು ನುಂಗಿದರೆ, ಮೆಜೆಂಟಾ ಹಸುರನ್ನು, ಹಳದಿ ನೀಲಿಯನ್ನು. ದೀಪ ಕೂಡಿದಂತೆ ಬೆಳಕು ಹೆಚ್ಚು. ಮಸಿ ಕೂಡಿದಂತೆ ಬೆಳಕು ಕಡಿಮೆ. ಆದುದರಿಂದ ಪರದೆಯ ಉಜ್ವಲವಾದ ನೀಲಿ ಹಸುರುಗಳು ಈ ನಾಲ್ಕು ಮಸಿಗಳ ಕೈಗೆ ಎಟುಕುವುದೇ ಇಲ್ಲ. ಚಿತ್ರವನ್ನು ಸಿಎಂವೈಕೆ ಮೋಡಿಗೆ ತಿರುಗಿಸಿದೊಡನೆ, ಎಟುಕದ ಬಣ್ಣಗಳ ಜಾಗದಲ್ಲಿ ಎಟುಕುವ ನೆರೆಯ ಬಣ್ಣಗಳು ಬಂದು ಕೂರುತ್ತವೆ. ಕಾಗದ ತೋರಿಸಲಿರುವುದನ್ನು ಪರದೆ ಆಗ ಅನುಕರಿಸಿ ತೋರಿಸುತ್ತದೆ. ಮಂಕಾದಂತೆ ಕಾಣುವುದು ಅದಕ್ಕೇ. ನಮ್ಮ ಹುಡುಗ ಗಾಬರಿಯಿಂದ ಮರಳಿ ಆರ್‌ಜಿಬಿಗೆ ತಿರುಗಿಸಿದ. ಹೋದ ಹೊಳಪು ಬರಲಿಲ್ಲ, ಬರುವುದೂ ಇಲ್ಲ. ಮೂಲಚಿತ್ರದ ಒಂದು ಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಂಡವನು ಪುಣ್ಯವಂತ.

ಫೋಟೋಶಾಪಿನಲ್ಲಿ ಬಣ್ಣ ಆರಿಸುವಾಗ ಕೆಲವು ಬಣ್ಣಗಳ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ ಕಾಣಿಸಿಕೊಳ್ಳುತ್ತದೆ. ಈ ಬಣ್ಣ ಮಸಿಗೆ ಎಟುಕದು ಎಂಬುದು ಅದರ ಎಚ್ಚರಿಕೆ. ನಮ್ಮವನು ಅದನ್ನು ಅಲಂಕಾರವೆಂದು ಭಾವಿಸಿದ್ದನಂತೆ.

ನೀಲಿಯ ಕಥೆ ಹೀಗಾದರೆ ಕಪ್ಪಿನದು ಇನ್ನೂ ವಿಚಿತ್ರ. ಪತ್ರಿಕೆಯ ಒಳಪುಟದಲ್ಲಿ ಒಂದು ಬಿದರಿ ಹೂಜಿಯ ಚಿತ್ರವಿತ್ತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ಬೀದರಿನವರು ಬಲ್ಲರು. ಆ ಕಪ್ಪಿಗೆ ಒಂದು ಆಳವಿದೆ. ಹೂಜಿಯ ಹಿಂದಣ ಬಯಲನ್ನೂ ಕಪ್ಪಾಗಿಸಲೆಂದು ಹುಡುಗನು ಅಲ್ಲಿ ಕಪ್ಪು ಮಸಿಯೊಂದನ್ನೇ ನೂರಕ್ಕೆ ನೂರು ತುಂಬಿದ್ದ. ಹೂಜಿಯ ಕಪ್ಪಾದರೋ ಆರ್‌ಜಿಬಿಯಿಂದ ಬಂದದ್ದು, ನಾಲ್ಕೂ ಮಸಿಗಳು ಕೂಡಿದ್ದು. ಅಚ್ಚಿನಲ್ಲಿ ಹಿನ್ನೆಲೆ ಹಲಗೆಯ ಬೂದಿಯಂತೆಯೂ ಹೂಜಿ ಕಾಡಿಗೆಯಂತೆಯೂ ಬೇರೆಬೇರೆ ನಿಂತುವು. ಪುಟ ಜೋಡಿಸುವ ಕೆಲವು ತಂತ್ರಾಂಶಗಳಲ್ಲಿ ಕಪ್ಪುಗಳನ್ನೆಲ್ಲ ಒಂದೇ ಗಾಢ ಕಪ್ಪಾಗಿ ತೋರಿಸುವ ಏರ್ಪಾಡುಂಟು. ಅದು ನೋಡುವವನಿಗೆ ಹಿತ, ಅಚ್ಚು ಹಾಕಿಸುವವನಿಗೆ ಮೋಸ. ಹಾಗೆಂದು ಸಣ್ಣ ಅಕ್ಷರಗಳಿಗೂ ನಾಲ್ಕು ಮಸಿಗಳ ಕಪ್ಪನ್ನು ಬಳಸಬಾರದು. ಅಚ್ಚು ತುಸು ಸರಿದರೆ ಅಕ್ಷರಕ್ಕೆ ಬಣ್ಣದ ನೆರಳು ಅಂಟಿಕೊಳ್ಳುತ್ತದೆ.

ಇನ್ನೂ ಕೆಲವು ಚೇಷ್ಟೆಗಳನ್ನು ಆ ವಾರದಲ್ಲೇ ಕಂಡೆ. ಅಜ್ಜನ ಹಳೆಯ ಪಟಕ್ಕೆ ಕೆಂಪು ರುಮಾಲು ಬಳಿಯಹೋದರೆ ಕುಂಚದಿಂದ ಬೂದಿಬಣ್ಣವೇ ಬರುತ್ತಿತ್ತು. ಕಂಪ್ಯೂಟರು ಕೆಟ್ಟಿರಲಿಲ್ಲ, ಪಟ ಗ್ರೇಸ್ಕೇಲ್ ಮೋಡಿನಲ್ಲಿತ್ತು. ಆ ಮನೆಯಲ್ಲಿ ಬಣ್ಣಕ್ಕೆ ಪ್ರವೇಶವಿಲ್ಲ. ಮೊದಲು ಮೋಡ್ ಬದಲಿಸಬೇಕು, ಆಮೇಲೆ ರುಮಾಲು. 256 ಬಣ್ಣಗಳಿಗೆ ಮೀರದ ಇಂಡೆಕ್ಸ್ಡ್ ಮೋಡಿನಲ್ಲಿ ಮೆತ್ತನೆಯ ಅಂಚುಗಳು ಗರಗಸದ ಹಲ್ಲಾಗುತ್ತವೆ. ಪದರಗಳನ್ನು ಕೂಡಿಸದೆ ಮೋಡ್ ಬದಲಿಸಿದರೆ ಅವು ಒಂದರೊಳಗೊಂದು ಬೆರೆಯುವ ರೀತಿಯೇ ಬೇರೆಯಾಗಬಹುದು. ಚಿತ್ರವನ್ನು ಕಿರಿದಾಗಿಸಿ ನೋಡುವಾಗ ಕಂಡ ಛಾಯೆ ನೂರಕ್ಕೆ ನೂರರ ಗಾತ್ರದಲ್ಲಿ ಕಾಣದಿರುವುದೂ ಉಂಟು. ಅಲ್ಲಿ ನಂಬಬೇಕಾದುದು ಪೂರ್ಣ ಗಾತ್ರವನ್ನು.

ಎರಡನೆಯ ಸಲ ಅವಸರ ಮಾಡಲಿಲ್ಲ. ಅದೇ ಕಾಗದದ ಮೇಲೆ ಮೂರು ಮಾದರಿ ತೆಗೆಸಿ ಮನೆಗೆ ತಂದೆವು. ಅತ್ತಿಗೆ ಅವನ್ನು ತಲಬಾಗಿಲಿಗೆ ಒಯ್ದು, ಹಗಲು ಬೆಳಕಿನಲ್ಲಿ ಧಾರೆಯ ಸೀರೆಯ ಅಂಚಿಗೆ ಹಿಡಿದು ನೋಡಿ, ನಡುವಿನದನ್ನು ಆರಿಸಿದರು. ಬೀಗರಿಗೂ ಕಾಗದದ ಮಾದರಿಯನ್ನೇ ಕಳುಹಿಸಿದೆವು. ಅವರು ಬಣ್ಣದ ಮಾತನ್ನೇ ಎತ್ತಲಿಲ್ಲ. ಅಜ್ಜನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದೆಯೆಂದು ಮಾತ್ರ ತಿಳಿಸಿದರು.

ಮದುವೆಯಾದ ಮೇಲೆ ಒಂದು ದಿನ ಮೊದಲ ಅಚ್ಚಿನ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ನಾನೊಬ್ಬನೇ ರಂಗೀನ್ ಮಹಲಿಗೆ ಹೋದೆ. ಬಿಲ್ಲೆಯ ಪಕ್ಕಕ್ಕೆ ಅದನ್ನು ಹಿಡಿದು ನೋಡಿದೆ. ಶತಮಾನಗಳ ಧೂಳು ಬಿಸಿಲು ಕಂಡ ಆ ನೀಲಿಗೆ, ಹುಡುಗನ ಪರದೆಯ ನೀಲಿಗಿಂತ ನಾವು ತಿರಸ್ಕರಿಸಿದ ಮಂಕು ನೀಲಿಯೇ ಹತ್ತಿರವಾಗಿತ್ತು. ಈ ಸಂಗತಿಯನ್ನು ಮನೆಯಲ್ಲಿ ನಾನು ಇನ್ನೂ ಹೇಳಿಲ್ಲ. ಆ ಐನೂರು ಪ್ರತಿಗಳ ಹಿಂಬದಿಯಲ್ಲಿ ಅತ್ತಿಗೆ ಈಗ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.