ಚರ್ಚ್ ರಿಜಿಸ್ಟರ್‌ನಲ್ಲಿ ಒಂದು, ಶಾಲೆ ರಿಜಿಸ್ಟರ್‌ನಲ್ಲಿ ಇನ್ನೊಂದು

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಶಾಲೆಯ ಮೇಷ್ಟ್ರು, ಮೇಡಂಗಳು ಮೊಬೈಲ್ ಹಿಡಿದು ಮನೆ ಮನೆಗೆ ಬಂದರು. ಅವರು ಬರುವ ಮೊದಲೇ ಬೆಂಗಳೂರಿನಲ್ಲಿ ದೊಡ್ಡ ಗದ್ದಲ ಎದ್ದಿತ್ತು. ಜಾತಿ ಪಟ್ಟಿಯಲ್ಲಿ ‘ಮಾದಿಗ ಕ್ರಿಶ್ಚಿಯನ್’ ಎಂಬಂಥ ಹೆಸರುಗಳು ಯಾಕೆ ಎಂದು ವಿರೋಧ ಪಕ್ಷ ಕೇಳಿತು, ಆಡಳಿತ ಪಕ್ಷದೊಳಗೂ ಅಪಸ್ವರ ಬಂತು. ಕೊನೆಗೆ ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಿಂದ ಮರೆಮಾಡಿತು. ಬೇಕಾದವರು ತಾವೇ ಹೇಳಿ ಬರೆಸಬಹುದು ಎಂದಿತು.

ಟಿವಿಯವರಿಗೆ ಅಲ್ಲಿಗೆ ವಿಷಯ ಮುಗಿಯಿತು. ಬೀದರ್ ಜಿಲ್ಲೆಯಲ್ಲಿ ಮುಗಿಯಲಿಲ್ಲ. ಇಲ್ಲಿ ಸುದ್ದಿ ಬರೆಯುವ, ಭಾನುವಾರ ಚರ್ಚಿಗೂ ಹೋಗುವ ನಮ್ಮಂಥವರಿಗೆ ಭಾಲ್ಕಿಯಿಂದ, ಔರಾದ್ ಕಡೆಯ ಹಳ್ಳಿಗಳಿಂದ ಬಂದ ಪ್ರಶ್ನೆ ಒಂದೇ: “ಧರ್ಮದ ಕಾಲಂದಾಗ ಏನು ಬರಸಬೇಕ್ರಿ? ಜಾತಿ ಕಾಲಂದಾಗ ಏನು?” ಸುಳ್ಳು ಹೇಳಬೇಕೆಂಬ ಆಸೆಯಿಂದ ಯಾರೂ ಹೀಗೆ ಕೇಳುವುದಿಲ್ಲ. ನಿಜ ಹೇಳಿದರೆ ಮಗಳ ಸ್ಕಾಲರ್‌ಶಿಪ್ ಹೋದೀತೇ ಎಂಬ ಭಯದಿಂದ ಕೇಳುತ್ತಾರೆ.

ಈ ಭಯ ಹುಟ್ಟಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ, ಬೀದರ್ ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದಾಗ, ಮೆಥೋಡಿಸ್ಟ್ ಮಿಷನರಿಗಳು ಇಲ್ಲಿಗೆ ಬಂದರು. ಶಾಲೆ, ಆಸ್ಪತ್ರೆ, ಸಭೆ ಮೂರೂ ಬೆಳೆದವು. ಇವತ್ತಿಗೂ ಬೀದರ್‌ನಲ್ಲಿ ಮಂಗಲಪೇಟೆ ಎಂದರೆ ಚರ್ಚ್ ನೆನಪಾಗುತ್ತದೆ. ಆ ಸಭೆಗಳಿಗೆ ಬಂದವರಲ್ಲಿ ಬಹುಪಾಲು ದಲಿತ ಕೇರಿಗಳವರು, ಅದರಲ್ಲೂ ಮಾದಿಗ ಕುಟುಂಬಗಳವರು. ಊರ ಬಾವಿಯ ನೀರು ಸಿಗದವರಿಗೆ ಇಲ್ಲಿ ಅಕ್ಷರ ಸಿಕ್ಕಿತು, ಔಷಧ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರಭು ಭೋಜನದ ದಿನ ಒಂದೇ ರೊಟ್ಟಿಯಲ್ಲಿ ಪಾಲು ಸಿಕ್ಕಿತು. ನಮ್ಮ ಅಜ್ಜ ಅಜ್ಜಿಯರ ನಂಬಿಕೆಯನ್ನು ‘ಆಮಿಷ’ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ಆ ರೊಟ್ಟಿಯ ಬೆಲೆ ತಿಳಿಯದವರು.

ಆಮೇಲೆ 1950ರಲ್ಲಿ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಬಂತು. ಅದರ ಮೂರನೇ ಪ್ಯಾರಾದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಔರಾದ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅದೇ ತಾಲ್ಲೂಕಿನ ಅದೇ ಕೇರಿಯ ಅಣ್ಣತಮ್ಮಂದಿರಲ್ಲಿ ಹಿಂದೂ ಎಂದು ಬರೆಸಿದವನು ಅಲ್ಲಿ ಚುನಾವಣೆಗೆ ನಿಲ್ಲಬಹುದು, ಕ್ರೈಸ್ತ ಎಂದು ಬರೆಸಿದವನು ನಿಲ್ಲುವಂತಿಲ್ಲ. ಜಾತಿ ಹಿಡಿದು ಬೈದರೆ ಒಬ್ಬನಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯುಂಟು, ಇನ್ನೊಬ್ಬನಿಗಿಲ್ಲ. ಬೈಯುವವನು ಮಾತ್ರ ಚರ್ಚ್ ರಿಜಿಸ್ಟರ್ ನೋಡಿ ಬೈಯುವುದಿಲ್ಲ. ಅವನಿಗೆ ಕೇರಿ ಗೊತ್ತು, ಅಷ್ಟು ಸಾಕು.

ಹೀಗಾಗಿ ಎಷ್ಟೋ ಮನೆಗಳಲ್ಲಿ ಎರಡು ದಾಖಲೆ, ಎರಡು ಹೆಸರು. ದೀಕ್ಷಾಸ್ನಾನದ ಹೆಸರು ಚರ್ಚಿನಲ್ಲಿ, ಇನ್ನೊಂದು ಹೆಸರು ಶಾಲೆಯಲ್ಲಿ. ಇದನ್ನು ನೋಡಿ ಎರಡು ಕಡೆಯಿಂದ ಕಲ್ಲು ಬೀಳುತ್ತವೆ. ಹೊರಗಿನವರು ‘ಮೀಸಲಾತಿ ಕದ್ದವರು’ ಎನ್ನುತ್ತಾರೆ. ಒಳಗೆ ಕೆಲವು ಬೋಧಕರು ‘ಜನರ ಮುಂದೆ ಕರ್ತನನ್ನು ಒಪ್ಪಿಕೊಳ್ಳದವರು’ ಎಂದು ಚುಚ್ಚುತ್ತಾರೆ. ಎರಡೂ ಮಾತು ಅನ್ಯಾಯದವು ಎಂಬುದು ನಮ್ಮ ಅಭಿಪ್ರಾಯ.

ಎರಡು ಫಲಕದ ಬದುಕು ಈ ಜಿಲ್ಲೆಗೆ ಹೊಸದಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರನ್ನು ಸುಳ್ಳುಗಾರ ಎಂದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಕನ್ನಡ ಉಳಿಸಿದವರು ಎಂದು ಕೈ ಮುಗಿಯುತ್ತೇವೆ. ಫಲಕ ಬದಲಿಸುವಂತೆ ಮಾಡಿದ್ದು ಆಳುವವರ ನಿಯಮ, ಒಳಗಿನ ಪಾಠ ಮಾತ್ರ ನಿಜ. ಅದೇ ನ್ಯಾಯವನ್ನು ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಿಗೂ ಕೊಡಬೇಕಲ್ಲವೇ?

ನಂಬಿಕೆ ಎಲ್ಲಿದೆ ಎಂದು ನೋಡಬೇಕಾದರೆ ಪ್ರಮಾಣಪತ್ರ ಬಿಟ್ಟು ಮನೆಯನ್ನು ನೋಡಬೇಕು. ಹೊಲದಿಂದ ಬಂದು ಒಲೆ ಹಚ್ಚುವ ಮೊದಲು ಮಾಡುವ ಪ್ರಾರ್ಥನೆ, ದಿನಗೂಲಿಯಲ್ಲೇ ಎತ್ತಿಡುವ ಕಾಣಿಕೆ, ಕುಡಿತ ಬಿಟ್ಟ ಗಂಡ, ಹೆಣ್ಣುಮಗುವಿಗೆ ಮೊದಲು ಸ್ಲೇಟು ಕೊಡಿಸಿದ ಅಜ್ಜಿ, ಆಸ್ಪತ್ರೆಯಲ್ಲಿ ಪರಿಚಯವಿಲ್ಲದವರ ಮಂಚದ ಪಕ್ಕ ಕೂರುವ ಸಭೆಯ ಹೆಂಗಸರು: ಇವೆಲ್ಲ ಯಾವ ಕಾಲಂನಲ್ಲೂ ಬರುವುದಿಲ್ಲ.

ಆದರೆ ತಪ್ಪೆಲ್ಲ ಸರ್ಕಾರದ್ದೇ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಚರ್ಚಿನಲ್ಲಿ ಜಾತಿಯಿಲ್ಲ ಎಂದು ಹಾಡುತ್ತೇವೆ, ಮದುವೆ ಮಾತುಕತೆಯಲ್ಲಿ ಮೊದಲು ಕೇಳುವುದು ಮೂಲ ಯಾವುದು ಎಂದೇ. ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಕೊಟ್ಟ ಬೆಲೆ ಇಲ್ಲಿಯ ಮಕ್ಕಳಿಗೂ ಗೊತ್ತು. ಅದನ್ನು ಕೇಳಿ ಬೆಳೆದ ನಾವು ನಮ್ಮ ಬೀಗತನದಲ್ಲಿ ಅಷ್ಟು ಧೈರ್ಯ ತೋರಿಸಿಲ್ಲ. ಬೋಧಕರು ಕುಡಿತದ ಬಗ್ಗೆ, ಸಿನಿಮಾದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. 1950ರ ಆದೇಶದ ಬಗ್ಗೆ, ಜಾತಿ ನೋಡಿ ಮಾಡುವ ಮದುವೆಯ ಬಗ್ಗೆ ವೇದಿಕೆಯ ಮೇಲೆ ಒಂದು ಮಾತೂ ಬರುವುದಿಲ್ಲ. ಜನರನ್ನು ದಿನವೂ ಕಾಡುವ ಪ್ರಶ್ನೆಗೆ ಸಭೆ ಬಾಯಿ ಬಿಡದಿದ್ದರೆ ಅವರು ಸುಳ್ಳಿನ ಭಾರವನ್ನು ಒಬ್ಬೊಬ್ಬರೇ ಹೊರಬೇಕಾಗುತ್ತದೆ.

ಈ ಪ್ರಶ್ನೆಯನ್ನು ದೆಹಲಿ ಎಷ್ಟು ಸಲ ಮುಂದೂಡಿದೆ ನೋಡಿ. 1985ರಲ್ಲಿ ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮತಾಂತರದ ನಂತರವೂ ಅದೇ ಮಟ್ಟದ ಕಷ್ಟ ಉಳಿದಿದೆ ಎಂಬುದಕ್ಕೆ ಪುರಾವೆ ಬೇಕು ಎಂದಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಮೂರನೇ ಪ್ಯಾರಾ ತೆಗೆಯಿರಿ ಎಂದಿತು, ಸರ್ಕಾರ ತೆಗೆಯಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಬಂತು, ಅದರ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. ಪುರಾವೆ ಕೇಳುವವರೇ ಪುರಾವೆ ಸಿಗುವ 33 ಹೆಸರುಗಳನ್ನು ಪಟ್ಟಿಯಿಂದ ಮರೆಮಾಡಿದರೆ ಲೆಕ್ಕ ಸಿಗುವುದು ಎಲ್ಲಿಂದ?

ನಮ್ಮ ಭಾಗಕ್ಕೆ 371(ಜೆ) ಬಂದಿದೆ. ಆ ಪ್ರಮಾಣಪತ್ರ ನಮ್ಮ ಊರು ಯಾವುದೆಂದು ಕೇಳುತ್ತದೆ, ದೇವರು ಯಾರೆಂದು ಕೇಳುವುದಿಲ್ಲ. ಹಿಂದುಳಿದಿರುವುದಕ್ಕೆ ಮದ್ದು ಕೊಡುವಾಗ ದೇವರ ಹೆಸರು ಕೇಳಬೇಕಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

2027ರ ಜನಗಣತಿಯಲ್ಲಿ ಧರ್ಮದ ಜೊತೆ ಜಾತಿಯನ್ನೂ ಕೇಳಲಿದ್ದಾರೆ. ಮತ್ತೆ ಅದೇ ಮೇಷ್ಟ್ರು, ಅದೇ ಬಾಗಿಲು, ಅದೇ ಪ್ರಶ್ನೆ. ಅಷ್ಟರೊಳಗೆ ಮೂರನೇ ಪ್ಯಾರಾ ಹೋಗುತ್ತದೆಂಬ ಭರವಸೆ ನಮಗಿಲ್ಲ. ಆದರೆ ಸಭೆಗಳು ಒಂದು ಕೆಲಸ ಮಾಡಬಹುದು. ಭಾನುವಾರದ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಜನರನ್ನು ಕೂರಿಸಿ, ಏನು ಬರೆಸಿದರೆ ಏನಾಗುತ್ತದೆ ಎಂದು ಕಾನೂನು ಬಲ್ಲವರಿಂದ ಹೇಳಿಸಬಹುದು. ಏನೇ ಬರೆಸಿದರೂ ಪ್ರಭು ಭೋಜನದ ರೊಟ್ಟಿಯಲ್ಲಿ ಅವರ ಪಾಲು ಇದ್ದೇ ಇದೆ ಎಂದೂ ಹೇಳಬೇಕು. ಜನ ಅಂದು ಆ ಸಭೆಗೆ ಬಂದದ್ದೇ ಆ ಪಾಲಿಗಾಗಿ.