ಹೇಳಿಕೊಂಡವಳಿಗೆ ನಮ್ಮ ಮೊದಲ ಮಾತು

ತಲೆನೋವು, ಎದೆ ಡವಡವ, ನಿದ್ದೆ ಇಲ್ಲ ಎಂದು ಬರುವ ಸಹೋದರಿಯರ ನಾಡಿ ಹಿಡಿದಾಗ ನಾನು ಮನೆಯ ವಿಚಾರವನ್ನೂ ಕೇಳುತ್ತೇನೆ. ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಎಣಿಸುವ ಆರು ಸಂಗತಿಗಳಲ್ಲಿ ಗಾಳಿ, ಆಹಾರ, ನಿದ್ದೆಗಳ ಜೊತೆ ಮನಸ್ಸಿನ ನೆಮ್ಮದಿ, ತಳಮಳಗಳೂ ಸೇರಿವೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳಿದರೆ ಕೆಲವರು ಅಳುತ್ತಾರೆ. ಕೆಲವರು ಬುರ್ಖಾದ ತೋಳು ಸರಿಸಿ ತೋರಿಸುತ್ತಾರೆ.

ವರ್ಷಗಳ ಹಿಂದೆ ಹೀಗೆ ಹೇಳಿಕೊಂಡ ಒಬ್ಬಾಕೆಯ ಗಂಡನನ್ನು ಒಳಗೆ ಕರೆದು ಬುದ್ಧಿ ಹೇಳಿದೆ. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ಒಳ್ಳೆಯ ಕೆಲಸವಾಯಿತು ಎಂದುಕೊಂಡೆ. ಆಕೆ ಮತ್ತೆ ಬರಲಿಲ್ಲ. ಮನೆ ತಲುಪುವವರೆಗೂ ಆತ ಕಾಯಲಿಲ್ಲ, ಆಟೋದಲ್ಲೇ ಹೊಡೆದ ಎಂದು ಆಕೆಯ ತಾಯಿ ಆಮೇಲೆ ಹೇಳಿದರು.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಮಗಳು ಬಾಯಿಬಿಟ್ಟ ಕೂಡಲೇ ಬೀಗರಿಗೆ ಫೋನ್, ಜಮಾಅತ್‌ನ ಹಿರಿಯರಿಗೆ ಕರೆ. ಉದ್ದೇಶ ಒಳ್ಳೆಯದೇ. ಆದರೆ ಆಕೆ ಬಾಯಿಬಿಟ್ಟಿದ್ದಾಳೆಂಬ ಸುದ್ದಿ ಹೊಡೆಯುವವನಿಗೆ ಮುಟ್ಟಿರುತ್ತದೆ, ಆಕೆ ಮಾತ್ರ ಅದೇ ಮನೆಯಲ್ಲಿರುತ್ತಾಳೆ.

ಇಲ್ಲವಾದರೆ "ಸಬ್ರ್ ಮಾಡು" ಎನ್ನುತ್ತೇವೆ. ಸಬ್ರ್ ಪೆಟ್ಟು ತಿನ್ನುವವಳಿಗಷ್ಟೇ ಬರೆದುಕೊಡುವ ಔಷಧಿಯೇ? ಸಿಟ್ಟು ಬಂದಾಗ ಕೈ ಎತ್ತದಿರಲು ಗಂಡನಿಗೂ ಅದು ಬೇಡವೇ? ಪ್ರವಾದಿವರ್ಯರು(ಸ) ಯಾವ ಪತ್ನಿಯ ಮೇಲೂ ಕೈ ಎತ್ತಿದವರಲ್ಲ ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಗಂಡಂದಿರ ದೂರು ಹೊತ್ತು ಸ್ತ್ರೀಯರು ಅವರ ಮನೆಗೆ ಬಂದಾಗ ಅವರು ಆಕ್ಷೇಪಿಸಿದ್ದು ಆ ಗಂಡಂದಿರನ್ನು, ದೂರು ತಂದವರನ್ನಲ್ಲ. ನೆರವಾಗಬಲ್ಲವರ ಮುಂದೆ ಅನ್ಯಾಯ ಹೇಳಿಕೊಳ್ಳುವುದು ಗೀಬತ್ ಅಲ್ಲವೆಂದು ವಿದ್ವಾಂಸರು ಹೇಳಿದ್ದಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹಿಂಸೆಗೊಳಗಾದ 100 ಮಹಿಳೆಯರಲ್ಲಿ ನೆರವು ಕೇಳಿದವರು 14. ಯಾರಿಗೂ ಹೇಳದೆಯೇ ಉಳಿದವರು 77. ನಿಮ್ಮ ಬಳಿ ಬಂದವಳು ಎಷ್ಟು ಧೈರ್ಯ ಕಟ್ಟಿಕೊಂಡು ಬಂದಿದ್ದಾಳೆಂದು ಯೋಚಿಸಿ. "ನೀನೇನು ಮಾಡಿದೆ?" ಎಂದು ಕೇಳಬೇಡಿ. "ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಎನ್ನಿ. ಆಮೇಲೆ ಎರಡು ಪ್ರಶ್ನೆ. ಇವತ್ತು ರಾತ್ರಿ ಆ ಮನೆಗೆ ಹೋಗಲು ಭಯವಿದೆಯೇ? ಯಾವಾಗಲಾದರೂ ಕತ್ತು ಹಿಸುಕಿದ್ದಾನೆಯೇ?

ಎರಡನೆಯದನ್ನು ಮರೆಯಲೇಬೇಡಿ. ಕತ್ತು ಹಿಸುಕುವ ಕೈ ಮುಂದೊಮ್ಮೆ ಕೊಲ್ಲುವ ಅಪಾಯ ಬಹಳ ಹೆಚ್ಚು. ಹೊರಗೆ ಗಾಯದ ಗುರುತೇ ಇಲ್ಲದಿರಬಹುದು. ಈಚೆಗೆ ಹಿಸುಕಿದ್ದರೆ, ಅದರಲ್ಲೂ ಸ್ವರ ಒಡೆದಿದ್ದರೆ, ನುಂಗಲು ನೋವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆಗಳಿದ್ದರೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಪೆಟ್ಟು ದಿನಗಳ ನಂತರವೂ ಕಾಡಬಹುದು. ಇದಕ್ಕೆ ನನ್ನ ಮಾಜೂನ್, ಶರಬತ್ತುಗಳು ಸಾಲವು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ತಲಾಖ್, ಖುಲಾ ಆಗದೆಯೂ ರಕ್ಷಣೆ ಕೇಳಬಹುದು, ಗಂಡನ ಮನೆಯಲ್ಲೇ ವಾಸಿಸುವ ಹಕ್ಕೂ ಇದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ನಂಬರುಗಳನ್ನು ಆಕೆಯ ವಾಟ್ಸಾಪ್‌ಗೆ ಕಳಿಸಬೇಡಿ, ಆತ ಫೋನ್ ನೋಡುತ್ತಿರಬಹುದು. ಬಾಯಿಪಾಠ ಮಾಡಿಸಿ. ನಿಕಾಹ್‌ನಾಮೆ, ಆಧಾರ್, ಪಾಸ್‌ಬುಕ್‌ಗಳ ಪ್ರತಿ ನಿಮ್ಮ ಕಪಾಟಿನಲ್ಲಿರಲಿ.

ಉಳಿಯುವುದೋ ಹೊರಡುವುದೋ ಆಕೆಯೇ ತೀರ್ಮಾನಿಸಲಿ. ಹಿಂದಿರುಗಿದಳೆಂದು ಮುನಿಸಿಕೊಳ್ಳಬೇಡಿ. ವಾರ ಬಿಟ್ಟು ಒಂದು ಡಬ್ಬಿ ಬಿರಿಯಾನಿಯ ನೆಪದಲ್ಲಾದರೂ ಹೋಗಿ, ಹೇಗಿದ್ದಾಳೆಂದು ನೋಡಿ ಬನ್ನಿ.